ಹೂಂಗುಟ್ಟುವವರು ಬೇಕಾಗಿದ್ದಾರೆ

ಹಲ್ಲಿನ ಡಾಕ್ಟರಿಗೆ ಒಂದು ದೊಡ್ಡ ಕೊರಗು ಶುರುವಾಗಿತ್ತು. ಅವರ ಮಾತು ಕೇಳುವವರು ಯಾರೂ ಉಳಿದಿರಲಿಲ್ಲ.

ಈ ಕೊರಗಿನ ಆಳ ತಿಳಿಯಬೇಕಾದರೆ ಅವರ ಗತವೈಭವವನ್ನು ಸ್ವಲ್ಪ ಹೇಳಬೇಕು. ಮನೆಯ ಮುಂಭಾಗದಲ್ಲೇ ಅವರ ದವಾಖಾನೆ. ರೋಗಿಯನ್ನು ಕುರ್ಚಿಯಲ್ಲಿ ಮಲಗಿಸಿ, ಮುಖದ ಮೇಲೆ ದೀಪ ಎಳೆದು, ಬಾಯೊಳಗೆ ಹತ್ತಿಯ ಉಂಡೆ, ಎಂಜಲು ಹೀರುವ ಕೊಳವೆ, ಪುಟ್ಟ ಕನ್ನಡಿ ಎಲ್ಲ ಇಟ್ಟಾಯಿತೆಂದರೆ ಡಾಕ್ಟರ ವಾಗ್ಝರಿ ಹರಿಯತೊಡಗುತ್ತಿತ್ತು. ದೇಶದ ಆಡಳಿತ ಎಲ್ಲಿ ಹಳಿ ತಪ್ಪಿತು, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುವ ಶಾಸ್ತ್ರೋಕ್ತ ಕ್ರಮ ಯಾವುದು, ಕಾಲೇಜಿನಲ್ಲಿದ್ದಾಗ ತಾವು ಓದಿ ಕಣ್ಣೀರಿಟ್ಟ ಹಳೆಯ ಸಣ್ಣಕಥೆಗಳು ಯಾವುವು, ಎಲ್ಲವೂ ಬರುತ್ತಿತ್ತು. ರೋಗಿ ಪಾಪ ನಡುನಡುವೆ "ಆಂ" ಅನ್ನುತ್ತಿದ್ದ, "ಊಂ" ಅನ್ನುತ್ತಿದ್ದ. ಅದು ನರಳಾಟ ಎಂದು ಡಾಕ್ಟರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ತಮ್ಮ ವಿಚಾರಕ್ಕೆ ಬಿದ್ದ ಒಪ್ಪಿಗೆಯ ಮುದ್ರೆ ಎಂದೇ ತಿಳಿದಿದ್ದರು. ಎದುರು ಮಾತಾಡಿದವರು ಒಬ್ಬರೂ ಇರಲಿಲ್ಲ (ಆಡುವುದಾದರೂ ಯಾವ ಬಾಯಿಂದ?). ತಮ್ಮ ಮಾತೆಂದರೆ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ಕೇಳುತ್ತದೆ ಎಂಬ ಅಚಲ ವಿಶ್ವಾಸದಲ್ಲಿ ಅವರ ಅರ್ಧ ಆಯುಷ್ಯ ಸುಖವಾಗಿ ಕಳೆದಿತ್ತು.

ಅಷ್ಟರಲ್ಲಿ ಮಗಳು ಅದೇ ವಿದ್ಯೆ ಕಲಿತು ಬಂದಳು. ಮೊದಲು ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡಳು. ಬರಬರುತ್ತಾ ರೋಗಿಗಳೆಲ್ಲ ಅವಳ ಕಡೆಗೇ ವಾಲಿದರು. ದೊಡ್ಡ ಡಾಕ್ಟರು ಖಾಲಿ ಇದ್ದಾರೆ ಬನ್ನಿ ಎಂದರೂ, ಪರವಾಗಿಲ್ಲ, ಚಿಕ್ಕ ಡಾಕ್ಟರು ಬರುವವರೆಗೆ ಕಾಯುತ್ತೇವೆ ಎಂದು ಊದಿದ ಕೆನ್ನೆ ಹಿಡಿದುಕೊಂಡು ಕೂರುತ್ತಿದ್ದರು. ಒಬ್ಬರಂತೂ ಸ್ವಾಗತದ ಮೇಜಿನ ಹುಡುಗಿಯ ಹತ್ತಿರ ಬಗ್ಗಿ, "ಮಾತಾಡದೇ ಇರೋ ಡಾಕ್ಟ್ರು ಇದ್ದಾರಲ್ಲ, ಅವರೇ ಬೇಕು" ಎಂದು ಕೇಳಿಯೇಬಿಟ್ಟರು. ಅದು ಬಾಗಿಲ ಆಚೆ ನಿಂತಿದ್ದ ಡಾಕ್ಟರ ಕಿವಿಗೆ ಬಿತ್ತು. ಆ ದಿನ ಅವರು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಕುರ್ಚಿ ಹೋದರೂ ಚಾಳಿ ಹೋಗಲಿಲ್ಲ. ಮಗಳು ಹಲ್ಲು ಕೊರೆಯುತ್ತಿದ್ದರೆ ಇವರು ಅವಳ ಬೆನ್ನ ಹಿಂದೆ ನಿಂತು ಕಥೆ ಶುರು ಮಾಡುತ್ತಿದ್ದರು. ಒಂದು ದಿನ ಕಥೆ ನಗೆಯದಾಗಿತ್ತು, ರೋಗಿ ಕಿಸಕ್ಕನೆ ನಕ್ಕುಬಿಟ್ಟ, ಮಗಳ ಕೈ ಸ್ವಲ್ಪದರಲ್ಲಿ ಉಳಿಯಿತು. ಅವತ್ತು ಸಂಜೆ ಅವಳು ಅಪ್ಪನನ್ನು ಕೂರಿಸಿಕೊಂಡು ಒಂದು ಉಪಾಯ ಹೇಳಿದಳು. ನೀನು ಕಥೆಗಳನ್ನು ಓದಿ ಫೋನಿನಲ್ಲಿ ದನಿ ಹಿಡಿದಿಡು, ನಾನು ಇಂಟರ್ನೆಟ್ಟಿಗೆ ಹಾಕುತ್ತೇನೆ, ಲೋಕದ ಮೂಲೆಮೂಲೆಯಿಂದ ಜನ ಕೇಳುತ್ತಾರೆ, ಕೇಳಿ ಏನನ್ನಿಸಿತು ಎಂದು ಕೆಳಗೆ ಬರೆಯುತ್ತಾರೆ. ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಒಂದು ಕುರ್ಚಿ ಕಿತ್ತುಕೊಂಡು ಲೋಕವನ್ನೇ ಕೊಡುತ್ತಿದ್ದಾಳಲ್ಲ ಮಗಳು! ವಾಹಿನಿಗೆ ಅವರು ಇಟ್ಟ ಹೆಸರು ಎಷ್ಟು ಘನವಾಗಿತ್ತೆಂದರೆ ಫೋನಿನ ಪರದೆಯಲ್ಲಿ ಹಿಡಿಸಲಿಲ್ಲ. ಮಗಳು ಅದನ್ನು ಕತ್ತರಿಸಿ 'ಡಾಕ್ಟರ ಕಥೆ' ಅಂತ ಮಾಡಿದಳು.

ದವಾಖಾನೆಯ ಹಿಂದೆ ಒಂದು ಚಿಕ್ಕ ಕೋಣೆ ಇತ್ತು. ಹಲ್ಲಿನ ಅಚ್ಚುಗಳನ್ನು ಇಡುವ ಜಾಗ. ಗೋಡೆಯುದ್ದಕ್ಕೂ ಸುಣ್ಣದ ದವಡೆಗಳು, ಮೇಲಿನದು ಕೆಳಗಿನದು ಜೋಡಿಜೋಡಿಯಾಗಿ. ಡಾಕ್ಟರು ಆ ದವಡೆಗಳ ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡು, ಮೊದಲ ವಾಕ್ಯ ಓದಿದರು. ಓದಿ ನಿಂತರು. ಏನೂ ಬರಲಿಲ್ಲ. ಎರಡನೆಯದು ಓದಿ ಮತ್ತೆ ನಿಂತರು. ಆಂ ಇಲ್ಲ, ಊಂ ಇಲ್ಲ. ಅರ್ಧ ಆಯುಷ್ಯ ಯಾರದೋ ನರಳಾಟದ ಆಸರೆಯಲ್ಲಿ ಮಾತಾಡಿದವರಿಗೆ ಈ ನಿಶ್ಶಬ್ದ ಹೊಸದು. ಪ್ರತಿ ವಾಕ್ಯಕ್ಕೂ ನಿಂತು ಕಾದು, ನಿಂತು ಕಾದು, ಅರ್ಧ ಗಂಟೆಯ ಕಥೆಯನ್ನು ಒಂದೂವರೆ ಗಂಟೆ ಓದಿ ಬೆವರು ಒರೆಸಿಕೊಂಡರು.

ಮಾರನೆಯ ದಿನ ಶ್ರೋತೃವರ್ಗದ ಪ್ರತಿಕ್ರಿಯೆ ಬಂತು. ಒಬ್ಬರು ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ, ನಿಂತು ನಿಂತು ಬರುತ್ತಿದೆ ಎಂದು ಬರೆದಿದ್ದರು. ಇನ್ನೊಬ್ಬರು ನಾನು ಫೋನನ್ನು ಎರಡು ಸಲ ಆರಿಸಿ ಹಾಕಿದೆ ಎಂದಿದ್ದರು. ಮೂರನೆಯವರು, ಡಾಕ್ಟರೇ, ಉಬ್ಬಸ ಇದ್ದರೆ ಬಿಸಿನೀರಿನ ಹಬೆ ತಗೊಳ್ಳಿ ಎಂದು ವೈದ್ಯರಿಗೇ ಮದ್ದು ಹೇಳಿದ್ದರು. ಕಥೆಯ ಬಗ್ಗೆ ತುಟಿಪಿಟಕ್ಕೆಂದವರು ಯಾರೂ ಇಲ್ಲ.

ಡಾಕ್ಟರಿಗೆ ರೋಗ ಯಾವುದೆಂದು ತಿಳಿಯಿತು. ಕಥೆಗೆ ಹೂಂಗುಟ್ಟುವವರು ಒಬ್ಬರು ಬೇಕು. ಔಷಧಿಯೂ ಮನೆಯಲ್ಲೇ ಇತ್ತು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಪರದೆಯಮ್ಮ ಎಂದು ಕರೆಯುತ್ತಿದ್ದರು. ಸುತ್ತಮುತ್ತಲಿನ ಕಿಟಕಿ ಬಾಗಿಲುಗಳಿಗೆ ನೇತಾಡುವ ಪರದೆಯೆಲ್ಲ ಆಕೆಯ ಹೊಲಿಗೆ. ಒಳಮನೆಯ ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರವಿ, ಅಂಚು ಮಡಚಿ, ನೆರಿಗೆ ಹಿಡಿದು, ಬಾಯಲ್ಲಿ ಕಚ್ಚಿಕೊಂಡ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಸಿಕ್ಕಿಸುತ್ತಾ ಹೋಗುತ್ತಿದ್ದರು. ಆಗ ಒಂದು ಹೊಸ ಹೋಟೆಲಿನ ಕೆಲಸ ಕೈಯಲ್ಲಿತ್ತು. ಅಂಥ ಹೊತ್ತಿನಲ್ಲಿ ಗಂಡ ಹೋಗಿ ಎದುರು ನಿಂತರು.

"ನೀನು ಏನೂ ಮಾಡೋದು ಬೇಡ. ನನ್ನ ಪಕ್ಕ ಕೂತ್ಕೊಂಡು ಆಗಾಗ ಹೂಂ ಅಂದ್ರೆ ಸಾಕು."

"ಮದುವೆ ಆದಾಗಿಂದ ಮತ್ತೇನು ಮಾಡ್ತಿದ್ದೀನಿ ಅಂದ್ಕೊಂಡ್ರಿ?"

"ಅದಲ್ಲ ಇವಳೇ, ಇದು ಕೇಳಿಸೋ ಹಾಗೆ ಅನ್ಬೇಕು."

"ನನ್ನ ಬಾಯ್ತುಂಬ ಪಿನ್ನು ಇರುತ್ತೆ ರೀ. ನಡುವೆ ಏನಾದ್ರೂ ಕೇಳಿದ್ರೆ ಮಾತಾಡಕ್ಕಾಗಲ್ಲ, ಮೊದಲೇ ಹೇಳಿದ್ದೀನಿ."

ಡಾಕ್ಟರ ಹೃದಯ ಅರಳಿತು. ಬಾಯಿ ತುಂಬ ಸಾಮಾನಿಟ್ಟುಕೊಂಡು, ಮಾತಾಡಲಾರದೆ, ಬರೀ ದನಿ ಹೊರಡಿಸಬಲ್ಲ ಜೀವ! ಇಂಥ ಆದರ್ಶ ಶ್ರೋತೃವನ್ನು ಮನೆಯೊಳಗೇ ಇಟ್ಟುಕೊಂಡು ಲೋಕವೆಲ್ಲ ಹುಡುಕಿದೆನಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡರು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಸುಣ್ಣದ ದವಡೆಗಳ ಕೋಣೆಯಲ್ಲಿ ಗಂಡ ಓದುವುದು, ಹೆಂಡತಿ ತೊಡೆಯ ಮೇಲೆ ಪರದೆಯ ಅಂಚು ಹಾಕಿಕೊಂಡು ಪಿನ್ನು ಚುಚ್ಚುತ್ತಾ ಹೂಂಗುಟ್ಟುವುದು, ಹೀಗೆ ಏರ್ಪಾಡಾಯಿತು.

ಅವತ್ತು ಓದಿದ್ದು ಒಂದು ಹಳೆಯ ಕಾಲದ ಕಥೆ. ಬೀದಿದೀಪ ಹಚ್ಚುವವನೊಬ್ಬ ಹಸಿದುಕೊಂಡು ಅಕ್ಕನ ಮನೆಗೆ ಹೋಗುತ್ತಾನೆ. ಅಕ್ಕನ ಮನೆಯಲ್ಲೂ ಪಾತ್ರೆ ಬರಿದು ಎಂದು ಕಂಡದ್ದೇ, ನಾನು ಉಂಡು ಬಂದೆ ಕಣಕ್ಕ ಅನ್ನುತ್ತಾನೆ. ಆ ಮಾತನ್ನು ಡಾಕ್ಟರು ಗದ್ಗದ ಕಂಠದಿಂದ ಓದಿ ನಿಲ್ಲಿಸಿದರು. ಪಕ್ಕದಿಂದ ಒಂದು ಹೂಂ ಬಂತು. ಡಾಕ್ಟರು ಸಂತೋಷದಿಂದ ಮುಂದಕ್ಕೆ ಹೋದರು. ಎಲ್ಲೂ ತಡವರಿಸಲಿಲ್ಲ, ನೀರು ಕುಡಿದ ಹಾಗೆ ಕಥೆ ಮುಗಿಯಿತು.

ಪ್ರತಿಕ್ರಿಯೆಗಳು ಬರತೊಡಗಿದವು ನೋಡಿ, ಒಂದಲ್ಲ ಎರಡಲ್ಲ, ಫೋನು ಟಿಣ್ ಟಿಣ್ ಎಂದು ಮೇಜಿನ ಮೇಲೆ ಹರಿದಾಡಿತು. ರಾತ್ರಿ ಊಟಕ್ಕೆ ಕೂತಾಗ ಡಾಕ್ಟರು ಕನ್ನಡಕ ಏರಿಸಿ ಓದಿ ಹೇಳಿದರು.

"ಕೇಳು. 'ಸಾರ್, ಆ ಒಂದು ಜಾಗದಲ್ಲಿ ನಿಮ್ಮ... ನಿಮ್ಮ ಓದು ಕೇಳಿ ಕಣ್ಣಲ್ಲಿ ನೀರು ಬಂತು.' ಹೇಗಿದೆ?"

ಮಗಳು ಅಪ್ಪನ ಭುಜದ ಮೇಲಿಂದ ಇಣುಕಿದಳು. "ಅಪ್ಪಾ, 'ನಿಮ್ಮ ಓದು' ಅಂತ ಎಲ್ಲಿದೆ? 'ಅಮ್ಮ ಹೂಂ ಅಂದಿದ್ದು ಕೇಳಿ' ಅಂತ ಇದೆ."

ಹೌದು, ಹಾಗೇ ಇತ್ತು. ಡಾಕ್ಟರು ಫೋನನ್ನು ಮಗುಚಿ ಇಟ್ಟರು. ಮಗಳು ಅದನ್ನು ಎತ್ತಿಕೊಂಡು ಉಳಿದದ್ದನ್ನು ಓದಿದಳು. ಲಾರಿ ಓಡಿಸುವವರೊಬ್ಬರು ಬರೆದಿದ್ದರು, ನಾನು ಊಟ ಆಯ್ತು ಅಂತ ಫೋನಿನಲ್ಲಿ ಸುಳ್ಳು ಹೇಳಿದಾಗ ನಮ್ಮಮ್ಮ ಹೀಗೇ ಹೂಂ ಅನ್ನುತ್ತಿದ್ದರು, ಗಾಡಿ ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಕೂತಿದ್ದೆ ಎಂದು. ಬಟ್ಟೆ ಇಸ್ತ್ರಿ ಮಾಡುತ್ತಾ ಕಥೆ ಕೇಳುವ ಹೆಂಗಸೊಬ್ಬಳು ಆ ಹೂಂನಲ್ಲಿ ಮೈಮರೆತು ಯಾರದೋ ಅಂಗಿಯ ತೋಳು ಸುಟ್ಟಿದ್ದಳು, ಸುಟ್ಟರೂ ಬೇಜಾರಿಲ್ಲ ಅಂದಿದ್ದಳು. ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಆ ಹೂಂನಲ್ಲಿ ಇರುವುದು ಅನುಮಾನ ಎಂದರೆ, ಆಸ್ಪತ್ರೆಯ ನರ್ಸೊಬ್ಬರು ಅದು ಅನುಮಾನವಲ್ಲ, ಗೊತ್ತಿದ್ದೂ ಗೊತ್ತಿಲ್ಲದವರಂತಿರುವ ಮರುಕ ಎಂದು ವಾದಿಸಿದ್ದರು. ಇಬ್ಬರ ಹಿಂದೆಯೂ ಪಕ್ಷಗಳು ಕಟ್ಟಿಕೊಂಡು, ಒಂದು ಹೂಂನ ಮೇಲೆ ಪಂಡಿತರ ಸಭೆಯೇ ನೆರೆದಿತ್ತು.

ಪರದೆಯಮ್ಮ ಇದಾವುದನ್ನೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಆಗಲೇ ಎದ್ದು ಹೋಗಿ ಒಳಗೆ ಹೊಲಿಗೆ ಮಿಷಿನ್ನು ತುಳಿಯುತ್ತಿದ್ದರು. ಯಾರೋ ನಾಲ್ಕು ಜನ ಏನೋ ಬರೆದಿದ್ದಾರೆ, ಗಂಡ ಖುಷಿಯಾಗಿದ್ದಾರೆ, ಅಷ್ಟು ಸಾಕು ಅಂದುಕೊಂಡರು.

ಗಂಡ ಖುಷಿಯಾಗಿರಲಿಲ್ಲ. ಒಂದು ಕಥೆಗೆ ಹೀಗಾಯಿತು, ಹೋಗಲಿ ಅಂದುಕೊಂಡರು. ಎರಡನೆಯ ಕಥೆಗೂ ಹಾಗೇ, ಮೂರನೆಯದಕ್ಕೂ ಹಾಗೇ. ತಾವು ಗಂಟಲು ಹರಿದುಕೊಂಡು ಓದಿದ ಮಹಾಕೃತಿಗಳೆಲ್ಲ ಹೆಂಡತಿಯ ಹೂಂಗಳ ನಡುವಿನ ಖಾಲಿ ಜಾಗ ತುಂಬುವ ಹತ್ತಿಯ ಉಂಡೆಗಳಾಗಿಬಿಟ್ಟಿದ್ದವು. ಒಬ್ಬ ಮಹಾರಸಿಕನಂತೂ, ಸಾರ್ ಸ್ವಲ್ಪ ಬೇಗ ಬೇಗ ಓದಿ, ಎರಡು ಹೂಂ ನಡುವೆ ತುಂಬ ಅಂತರ ಆಗುತ್ತಿದೆ ಎಂದು ಸಲಹೆ ಕೊಟ್ಟಿದ್ದ. ಡಾಕ್ಟರಿಗೆ ಮೈ ಉರಿಯಿತು. ಮಗಳಿಗೆ ಹೇಳಿ ಹಾಗೂ ಹೀಗೂ ಮಾಡಿಸಿ, ಮುಂದಿನ ಕಥೆಯಿಂದ ಹೂಂಗಳನ್ನು ಹಲ್ಲು ಕಿತ್ತ ಹಾಗೆ ಒಂದೊಂದಾಗಿ ಕೀಳಿಸಿದರು. ಹೆಂಡತಿಗೆ ಹೇಳುವ ಗೋಜಿಗೆ ಹೋಗಲಿಲ್ಲ.

ಆಗ ಬಂದ ಪ್ರತಿಕ್ರಿಯೆಗಳನ್ನು ನೋಡಬೇಕಿತ್ತು ನೀವು. ಅಮ್ಮ ಎಲ್ಲಿ, ಅಮ್ಮನಿಗೆ ಹುಷಾರಿಲ್ಲವೇ, ಊರಿಗೆ ಹೋದರೇ. ನರ್ಸು ನಾಲ್ಕು ಬಗೆಯ ಜ್ವರದ ಲಕ್ಷಣ ಬರೆದು ಇದರಲ್ಲಿ ಯಾವುದು ಎಂದು ಕೇಳಿದ್ದರು. ಲಾರಿಯವರು ಮಾತ್ರ ರೋಗದ ಮೂಲಕ್ಕೇ ಕೈ ಹಾಕಿದ್ದರು. "ಸಾರ್, ಮನೇಲಿ ಏನೋ ಆಗಿದೆ ಅಂತ ಕಾಣುತ್ತೆ. ತಪ್ಪು ನಿಮ್ಮದಿರಲಿ, ಇಲ್ಲದಿರಲಿ, ಮೊದಲು ನೀವೇ ಹೋಗಿ ಕ್ಷಮೆ ಕೇಳಿ. ನಾನು ಹಾಗೇ ಸಂಸಾರ ಮಾಡ್ಕೊಂಡು ಬಂದಿದ್ದೀನಿ." ಅದಕ್ಕೆ ಎಷ್ಟೋ ಗಂಡಂದಿರು ಮೆಚ್ಚುಗೆಯ ಗುರುತು ಒತ್ತಿದ್ದರು.

ಡಾಕ್ಟರೇನು ಅಷ್ಟಕ್ಕೆ ಸೋಲುವವರೇ? ಹೂಂ ತಾನೇ ಬೇಕು, ಅದಕ್ಕೇನು ಬರಗಾಲ ಎಂದು, ಹೆಂಡತಿಯ ಜೊತೆಗಿನ ಮಧ್ಯಾಹ್ನದ ಓದನ್ನು ಹಾಗೇ ಉಳಿಸಿಕೊಂಡು, ಸಂಜೆ ಗುಟ್ಟಾಗಿ ತಾವೇ ಓದಿ ತಾವೇ ಹೂಂಗುಟ್ಟಿದರು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬಹುದು, ತೋರಿಸಿಕೊಳ್ಳಿ ಎಂದು ಉತ್ತರ ಬಂತು. ಆಮೇಲೆ ಸ್ವಾಗತದ ಮೇಜಿನ ಹುಡುಗಿಯನ್ನು ಕರೆದು ಕೂರಿಸಿದರು. ಅವಳು ಮೊದಲ ಪುಟಕ್ಕೆ ಅಚ್ಚುಕಟ್ಟಾಗಿ ಹೂಂ ಅಂದಳು. ನಾಯಕಿ ಕೊನೆಯುಸಿರೆಳೆದ ಕೂಡಲೇ, ದಿನವಿಡೀ ಹೇಳಿ ಹೇಳಿ ಅಭ್ಯಾಸವಾದ ಬಾಯಿ ಸುಮ್ಮನಿರದೆ, "ಮುಂದಿನವರು ಬನ್ನಿ" ಎಂದು ಕೂಗಿಬಿಟ್ಟಳು. ಆ ಕಥೆಯನ್ನು ಡಾಕ್ಟರು ಹೊರಗೆ ಬಿಡಲೇ ಇಲ್ಲ.

ಈ ನಡುವೆ ಹೊಸ ಹೋಟೆಲಿನ ಮ್ಯಾನೇಜರು ಪರದೆಗಳ ಕೆಲಸ ಎಲ್ಲಿಗೆ ಬಂತು ಎಂದು ನೋಡಿಕೊಂಡು ಹೋಗಲು ಬಂದ. ಒಂದನೆಯ ಅಂತಸ್ತಿನದು ಶುರುವಾಯಿತೇ ಅಮ್ಮ ಎಂದು ಕೇಳಿದ. ಪರದೆಯಮ್ಮ ಬಾಯಲ್ಲಿ ಪಿನ್ನು ಇಟ್ಟುಕೊಂಡೇ ಹೂಂ ಅಂದರು. ಮ್ಯಾನೇಜರು ಕೂತಲ್ಲಿಂದ ಎದ್ದು ನಿಂತ. ಆ ಹೂಂ ನಿಮ್ಮದೇನಾ, ನಮ್ಮ ಅಡುಗೆಮನೆಯವರೆಲ್ಲ ತರಕಾರಿ ಹೆಚ್ಚುತ್ತಾ ನಿಮ್ಮ ಹೂಂ ಕೇಳುತ್ತಿದ್ದೆವು, ಯಾಕಮ್ಮ ನಿಲ್ಲಿಸಿಬಿಟ್ಟಿರಿ ಎಂದು ಕೈಮುಗಿದ. ಪರದೆಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. ನಾನು ಎಲ್ಲಿ ನಿಲ್ಲಿಸಿದೆ, ನಿನ್ನೆಯೂ ಹೂಂ ಅಂದಿದ್ದೀನಲ್ಲ ಎಂದರು. ಮ್ಯಾನೇಜರು ತನ್ನ ಫೋನಿನಲ್ಲಿ ಹೂಂ ಇಲ್ಲದ ಆ ಕಥೆ ಹಚ್ಚಿ ಕೇಳಿಸಿದ. ಗಂಡನ ದನಿ ಒಂದೇ ಇತ್ತು. ಅವರು ಹೂಂ ಅಂದ ಜಾಗವೆಲ್ಲ ಖಾಲಿ ಬಿದ್ದಿತ್ತು.

ಗಂಡ ಕಾಫಿಗೆ ಒಳಗೆ ಬಂದಾಗ ಪರದೆಯಮ್ಮ ಮಿಷಿನ್ನು ನಿಲ್ಲಿಸಿ ಕೂತಿದ್ದರು.

"ನನ್ನ ಹೂಂ ತೆಗೆಸಿಬಿಟ್ರಾ?"

ನೆಟ್‌ವರ್ಕ್ ಎಂದು ಡಾಕ್ಟರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಮುಚ್ಚಿದರು. ಆಕೆ ಕೂಗಾಡಲಿಲ್ಲ, ಅಳಲಿಲ್ಲ. ಕೂಗಾಡಿದ್ದರೆ ಡಾಕ್ಟರಿಗೆ ಅಭ್ಯಾಸವಿತ್ತು. ಬೇಡದಿದ್ದರೆ ಬೇಡ ಅಂತ ನನಗೇ ಹೇಳಬಹುದಿತ್ತು, ನಾನು ದಿನಾ ಕೆಲಸ ಬಿಟ್ಟು ಬಂದು ಕೂತು ಮನಸ್ಸಿಟ್ಟು ಕೇಳಿದ್ದೆ ಎಂದು ಮೆಲ್ಲಗೆ ಹೇಳಿದರು ಅಷ್ಟೇ. ಮನಸ್ಸಿಟ್ಟು ಎಂಬ ಮಾತು ಡಾಕ್ಟರಿಗೆ ಎಲ್ಲೋ ತಟ್ಟಿತು. ಬಟ್ಟೆಗೆ ಪಿನ್ನು ಚುಚ್ಚುತ್ತಾ ಸುಮ್ಮನೆ ದನಿ ಹೊರಡಿಸುತ್ತಿದ್ದಾಳೆ ಅಂದುಕೊಂಡಿದ್ದರು ಅವರು. ನಾಚಿಕೆಯಾಯಿತು. ತಪ್ಪಾಯಿತು, ಬಾ ಎಂದು ಕರೆದರು, ಅಂಗಲಾಚಿದರು (ಲಾರಿಯವರ ಸಲಹೆಯಂತೆಯೇ ಅನ್ನಿ).

"ಬರ್ತೀನಿ," ಎಂದರು ಪರದೆಯಮ್ಮ. "ಆದ್ರೆ ಮೊದಲು ಓದಿಟ್ಟು ಆಮೇಲೆ ಕತ್ತರಿ ಆಡ್ಸೋ ವ್ಯವಹಾರ ಬೇಡ. ಈ ಮನೇಲಿ ಕತ್ತರಿ ನಂದು. ನೇರವಾಗಿ ಓದಿ, ಜನ ಆಗಲೇ ಕೇಳ್ಲಿ."

ಭಾನುವಾರ ಮಧ್ಯಾಹ್ನ ನೇರಪ್ರಸಾರ ಎಂದು ಮಗಳು ಪ್ರಕಟಿಸಿದಳು. ಡಾಕ್ಟರಿಗೆ ನಾಚಿಕೆ ಆಗಿದ್ದು ನಿಜ, ಆದರೆ ಎರಡು ದಿನಕ್ಕೆಲ್ಲ ಅದು ಇಳಿದು ಹಳೆಯ ಆಸೆ ಮತ್ತೆ ತಲೆಯೆತ್ತಿತು. ಒಂದೇ ಒಂದು ಸಲ, ತಮ್ಮ ಓದನ್ನು ಲೋಕ ಮೆಚ್ಚಬೇಕು. ಅದಕ್ಕೆಂದೇ ಅಳೆದೂ ಸುರಿದೂ ಕಥೆ ಆರಿಸಿದರು. ಹೆಂಗಸು ತುಟಿ ಎರಡು ಮಾಡದ ಕಥೆ, ಕೇಳುವವರೂ ಉಸಿರು ಬಿಗಿಹಿಡಿದು ಸುಮ್ಮನಿರಬೇಕಾದ ಕಥೆ. ಹೂಂಗೆ ಎಡೆಯೇ ಇಲ್ಲ. ಮೂರು ದಿನ ಕನ್ನಡಿಯ ಮುಂದೆ ತಾಲೀಮು ನಡೆಯಿತು.

ಕಥೆ ಇಷ್ಟು. ಗಡಿಯಾರ ರಿಪೇರಿಯವನೊಬ್ಬ ದೊಡ್ಡ ಊರಿಗೆ ಹೊರಡುತ್ತಾ, ಗೋಡೆಯ ಗಡಿಯಾರ ನಿಲ್ಲುವುದರೊಳಗೆ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹೋಗುತ್ತಾನೆ. ಅವಳು ಅದು ನಿಲ್ಲದಂತೆ ದಿನಾ ಕೀಲಿ ಕೊಡುತ್ತಾಳೆ. ವರ್ಷಗಳು ಉರುಳುತ್ತವೆ. ತಲೆ ನರೆತ ಮೇಲೆ ಅವನು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅವಳು ಒಂದು ಮಾತೂ ಆಡದೆ ತಟ್ಟೆ ಇಟ್ಟು ಊಟ ಬಡಿಸುತ್ತಾಳೆ.

ಡಾಕ್ಟರು ಅವತ್ತು ಓದಿದ್ದು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಫೋನು ಹಿಡಿದಿದ್ದ ಮಗಳು ಕೂಡ ಒಮ್ಮೆ ತಲೆದೂಗಿದಳು. ಕೊನೆಯ ವಾಕ್ಯ ಬಂತು. ದನಿಯನ್ನು ತಗ್ಗಿಸಿ, ನಡುಗಿಸಿ, ಓದಿದರು. "ಅವಳ ಮೌನವೇ ಅವಳ ಕ್ಷಮೆಯಾಗಿತ್ತು."

ಓದಿ, ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ಕಾದರು. ಹೂಂ ಬರಲಿಲ್ಲ. ಕೇಳುಗರೂ ಕಾದರು. ಪರದೆಯಮ್ಮ ಕೈಯ ಬಟ್ಟೆಯನ್ನು ತೊಡೆಯ ಮೇಲಿಟ್ಟು, ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸ್ಟೀಲಿನ ಡಬ್ಬಿಯ ಮುಚ್ಚಳಕ್ಕೆ ಹಾಕತೊಡಗಿದರು. ಟಿಕ್, ಟಿಕ್, ಟಿಕ್. ಆ ಸದ್ದು ಅಷ್ಟೂ ಊರುಗಳಲ್ಲಿ ಕೇಳಿಸಿತು.

"ಕ್ಷಮೆ ಅಂತ ಯಾರು ಹೇಳಿದ್ದು?"

"ಬರೆದವರು," ಎಂದು ಡಾಕ್ಟರು ಪಿಸುಗುಟ್ಟಿದರು. "ನೇರಪ್ರಸಾರ ಕಣೇ."

"ಬರೆದವರು ಅವಳನ್ನ ಕೇಳಿದ್ರಾ? ಆ ಗಂಡನಾದ್ರೂ ಕೇಳಿದ್ನಾ? ಅವಳು ಮಾತಾಡ್ಲಿಲ್ಲ, ಸರಿ. ಅದಕ್ಕೇ ಕ್ಷಮಿಸಿಬಿಟ್ಲು ಅಂತ ಇವರೇ ತೀರ್ಮಾನ ಮಾಡ್ಕೊಂಡು ಪುಸ್ತಕ ಮುಚ್ಚಿಬಿಟ್ರೆ ಹೇಗೆ? ಮಾರನೇ ದಿನ ಬೆಳಿಗ್ಗೆ ಏನಾಯ್ತು ಅಂತ ನಾನು ಹೇಳ್ತೀನಿ, ಕೇಳಿ."

ಮಗಳು ಪ್ರಸಾರ ನಿಲ್ಲಿಸುತ್ತಾಳೆಂದು ಡಾಕ್ಟರು ಅವಳ ಕಡೆ ನೋಡಿದರು. ಅವಳು ಫೋನನ್ನು ಅಮ್ಮನ ಕಡೆಗೆ ತಿರುಗಿಸಿ, ಎರಡು ಹೆಜ್ಜೆ ಹತ್ತಿರ ಹೋದಳು.

ಪರದೆಯಮ್ಮ ಹೇಳುತ್ತಾ ಹೋದರು. ಬೆಳಿಗ್ಗೆ ಆ ಗಂಡ ಎದ್ದು, ಹಳೆಯ ಅಭ್ಯಾಸದಂತೆ ಗಡಿಯಾರವನ್ನು ಗೋಡೆಯಿಂದ ಇಳಿಸಿ ಬಿಚ್ಚಿದನಂತೆ. ಒಳಗೆ ನೋಡಿದರೆ ಒಂದು ಚಕ್ರವೂ ಅವನು ಬಿಟ್ಟುಹೋದದ್ದಲ್ಲ. ಎಲ್ಲ ಹೊಸದು, ಎಲ್ಲ ಅಳತೆಗೆ ಸರಿಯಾಗಿ ಕೂತಿದೆ. ಬರೀ ಕೀಲಿ ಕೊಟ್ಟರೆ ಗಡಿಯಾರ ಅಷ್ಟು ವರ್ಷ ಓಡುತ್ತದೆಯೇ, ರಿಪೇರಿ ಗೊತ್ತಿಲ್ಲದವರು ಯಾರೋ ಬರೆದ ಕಥೆ ಅದು ಎಂದು ಪರದೆಯಮ್ಮ ನಡುವೆ ಒಂದು ಮಾತು ಸೇರಿಸಿದರು. ಅಷ್ಟರಲ್ಲಿ ಮುಂಬಾಗಿಲು ಯಾರೋ ತಟ್ಟುತ್ತಾರೆ. ಗಂಡ ಹೋಗಿ ತೆರೆದರೆ ಬೀದಿಯಲ್ಲಿ ಜನ, ಎಲ್ಲರ ಕೈಯಲ್ಲೂ ಕೆಟ್ಟ ಗಡಿಯಾರ. ಬನ್ನಿ, ರಿಪೇರಿಯವನು ನಾನೇ ಎನ್ನುತ್ತಾನೆ ಅವನು. ನೀವ್ಯಾರು ಗೊತ್ತಿಲ್ಲ, ನಮಗೆ ಅಕ್ಕ ಬೇಕು ಎನ್ನುತ್ತಾರೆ ಜನ.

"ಹೂಂ," ಎಂದರು ಡಾಕ್ಟರು.

ಅವರಿಗೇ ಗೊತ್ತಿಲ್ಲದೆ ಬಂದುಬಿಟ್ಟಿತ್ತು. ಕುರ್ಚಿ ಕಳೆದುಕೊಂಡವನ ಸಂಕಟ ಅವರಿಗಿಂತ ಚೆನ್ನಾಗಿ ಯಾರು ಬಲ್ಲರು? ಅವರು ಪುಸ್ತಕ ಕೆಳಗಿಟ್ಟು, ಕುರ್ಚಿಯನ್ನು ಹೆಂಡತಿಯ ಕಡೆ ಎಳೆದುಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಆಡಲು ತಾವು ಎಂದಾದರೂ ಸಂದು ಬಿಟ್ಟಿದ್ದುಂಟೇ ಎನ್ನುವುದೂ ಅವರಿಗೆ ನೆನಪಾಗಲಿಲ್ಲ.

ಗಂಡ ಒಳಗೆ ಬರುತ್ತಾನೆ, ಎಂದರು ಪರದೆಯಮ್ಮ. ತನ್ನ ಹಳೆಯ ಮೇಜಿನ ಮೇಲೆ ಬೇರೆ ಯಾರದೋ ಸಲಕರಣೆ ಜೋಡಿಸಿರುವುದನ್ನು ನೋಡುತ್ತಾನೆ. ಇಲ್ಲಿ ಕೂತು ಕೆಲಸ ಮಾಡುವವರು ಯಾರು ಎಂದು ಕೇಳುತ್ತಾನೆ. ಆಗ ಅವಳು, ಅವನು ಬಂದ ಮೇಲೆ ಮೊದಲನೆಯ ಸಲ, ಅವನ ಮುಖವನ್ನೇ ನೋಡಿ ಬಾಯಿ ತೆರೆಯುತ್ತಾಳೆ.

"ಹೂಂ, ಆಮೇಲೆ?" ಎಂದರು ಡಾಕ್ಟರು. ಕುರ್ಚಿಯ ತುದಿಗೆ ಬಂದಿದ್ದರು. "ಏನಂದ್ಲು?"

"ನಾಳೆ ಹೇಳ್ತೀನಿ," ಎಂದು ಪರದೆಯಮ್ಮ ಬಟ್ಟೆ ಕೊಡವಿ ಎದ್ದರು. "ಹೋಟೆಲ್‌ನೋರು ಬರ್ತಾರೆ, ಕೆಲಸ ಬಾಕಿ ಇದೆ." ಒಳಮನೆಯಲ್ಲಿ ಮಿಷಿನ್ನಿನ ಸದ್ದು ಶುರುವಾಯಿತು. ಮಗಳು ನಮಸ್ಕಾರ ಹೇಳಿ ಪ್ರಸಾರ ಮುಗಿಸಿದಳು.

ಪ್ರತಿಕ್ರಿಯೆಗಳ ಪ್ರವಾಹದಲ್ಲಿ ಅವತ್ತು ಡಾಕ್ಟರಿಗೂ ಪಾಲಿತ್ತು. ಕನ್ನಡಿ ಮುಂದೆ ತಾಲೀಮು ಮಾಡಿದ ಓದಿನ ಬಗ್ಗೆ ಅಲ್ಲ. ಲೆಕ್ಕದ ಮೇಷ್ಟ್ರು ಬರೆದಿದ್ದರು, ಡಾಕ್ಟರೇ, ಇಷ್ಟು ದಿನದಲ್ಲಿ ನಿಮ್ಮ ಬಾಯಿಂದ ಬಂದದ್ದರಲ್ಲಿ ಅತ್ಯುತ್ತಮವಾದದ್ದು ಇವತ್ತಿನ ಆ ಎರಡು ಹೂಂ, ಇನ್ನು ಮುಂದೆ ಅದನ್ನೇ ರೂಢಿಸಿಕೊಳ್ಳಿ ಎಂದು. ಬೇರೆ ದಿನವಾಗಿದ್ದರೆ ಡಾಕ್ಟರು ಫೋನು ಮಗುಚುತ್ತಿದ್ದರು. ಅವತ್ತು ಅದರ ಕಡೆ ಗಮನವೇ ಇರಲಿಲ್ಲ. ಆ ಹೆಂಗಸು ಗಂಡನಿಗೆ ಏನೆಂದಳು? ಒಳಗೆ ಹೋಗಿ ಒಂದು ಸಲ ಕೇಳಿದರು. ಪಿನ್ನು ಕಚ್ಚಿದ ಬಾಯಿ ಅಲ್ಲಾಡಲಿಲ್ಲ. ಕಾಫಿ ಮಾಡಿ ತಂದುಕೊಟ್ಟು ಇನ್ನೊಂದು ಸಲ ಕೇಳಿದರು. ಕಾಫಿ ಖಾಲಿಯಾಯಿತು, ಉತ್ತರ ಬರಲಿಲ್ಲ. ಕೇಳಿದಷ್ಟೂ ಒಂದು ಅಳುಕು ಬೆಳೆಯಿತು. ಆ ಹೆಂಗಸು ಹೇಳುವುದು ಆ ಗಂಡನೊಬ್ಬನಿಗೇ ಅಲ್ಲ, ತಮಗೂ ಸ್ವಲ್ಪ ಹೇಳುವುದಿದೆ ಎಂದು ಅವರಿಗೆ ಮೆಲ್ಲಗೆ ಅರ್ಥವಾಗುತ್ತಿತ್ತು. ಏನಾದರೂ ಆಗಲಿ, ಕೇಳಲೇಬೇಕು.

ಕೊನೆಗೆ ಸುಣ್ಣದ ದವಡೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ತಮ್ಮದೇ ವಾಹಿನಿಯ ಕೆಳಗೆ, ಎಲ್ಲ ಕೇಳುಗರ ಸಾಲಿನ ತುದಿಯಲ್ಲಿ, ಒಂದೇ ಬೆರಳಿನಿಂದ ಒತ್ತಿ ಬರೆದರು. "ಅವಳು ಏನೆಂದಳು? ದಯವಿಟ್ಟು ಈಗಲೇ ತಿಳಿಸಿ. ಇಂತಿ, ಡಾಕ್ಟರು."

ಲಾರಿಯವರು ಕೂಡಲೇ ಉತ್ತರಿಸಿದರು. ನಾವೆಲ್ಲ ಕಾಯುತ್ತಿದ್ದೇವೆ ಸಾರ್, ಅಮ್ಮನಿಗೆ ಅವಸರ ಮಾಡಬೇಡಿ. ಅದರ ಬೆನ್ನಿಗೇ ಇಸ್ತ್ರಿಯ ಹೆಂಗಸಿನದು ಬಂತು. "ಡಾಕ್ಟ್ರೇ, ನೀವು ಅದೇ ಮನೇಲಿ ತಾನೇ ಇರೋದು? ಇಲ್ಲಿ ಬರೀತಾ ಕೂರೋ ಬದ್ಲು ಹೋಗಿ ಬಟ್ಟೆ ತುದಿ ಹಿಡ್ಕೊಳ್ಳಿ. ಕೆಲಸ ಬೇಗ ಮುಗಿದ್ರೆ ನಮಗೂ ಬೇಗ ಗೊತ್ತಾಗುತ್ತೆ."

ಡಾಕ್ಟರು ಫೋನು ಅಲ್ಲೇ ಬಿಟ್ಟು ಎದ್ದರು. ಒಳಗೆ ಹೋಗಿ, ಮೇಜಿನ ಆಚೆ ತುದಿಯಲ್ಲಿ ನಿಂತು, ಜಾರಿ ಬೀಳುತ್ತಿದ್ದ ಪರದೆಯ ಅಂಚನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಪರದೆಯಮ್ಮ ಒಂದು ಕ್ಷಣ ನೋಡಿ, ಸ್ವಲ್ಪ ಬಿಗಿಯಾಗಿ ಎಂದು ಕೈಸನ್ನೆ ಮಾಡಿ ನೆರಿಗೆ ಹಿಡಿಯಲು ತೊಡಗಿದರು. ಒಂದು ಪರದೆ ಮುಗಿಯಿತು. ಇನ್ನೊಂದು ಬಂತು. ಅದೂ ಮುಗಿಯಿತು, ಮತ್ತೊಂದು ಬಂತು. ಡಾಕ್ಟರ ರಟ್ಟೆ ಸೋತಿತು, ಆದರೂ ಮುಖದಲ್ಲಿ ಏನೋ ಲವಲವಿಕೆ.

"ಇದೆಲ್ಲ ಮುಗಿದ ಕೂಡ್ಲೇ ಹೇಳ್ತೀಯಾ?" ಎಂದು ಕೇಳಿದರು.

ಪರದೆಯಮ್ಮ ಬಾಯಿಂದ ಪಿನ್ನು ತೆಗೆದು ನಕ್ಕರು. "ಹೇಳ್ದೆ ಇರ್ತೀನಾ? ಮುಗೀಲಿ."

"ಎಷ್ಟು ಕಿಟಕಿ ಆ ಹೋಟೆಲ್ಲಿಗೆ?"

"ಇದು ಒಂದನೇ ಅಂತಸ್ತು," ಎಂದರು ಪರದೆಯಮ್ಮ, ಬಟ್ಟೆಯ ಇನ್ನೊಂದು ಉರುಳೆಯನ್ನು ಬಿಚ್ಚುತ್ತಾ. "ಇನ್ನೂ ಮೂರಿದೆ."